ಹುಳು ಹಣ್ಣಾದ ದಿನ ಹೊರಟ ಪ್ರವಾಸ

ನಮ್ಮ ಹಳ್ಳಿಯಲ್ಲಿ ಯಾವ ಕೆಲಸಕ್ಕೂ ಪಂಚಾಂಗ ನೋಡುವ ಮೊದಲು ಹುಳು ನೋಡಬೇಕು. ಮದುವೆ, ಗೃಹಪ್ರವೇಶ, ನಾಮಕರಣ ಎಲ್ಲವೂ ರೇಷ್ಮೆ ಹುಳು ಎಷ್ಟನೇ ಜ್ವರದಲ್ಲಿದೆ ಎಂಬುದರ ಮೇಲೆ ನಿಲ್ಲುತ್ತವೆ. ಜ್ವರ ಎಂದರೆ ಕಾಯಿಲೆಯಲ್ಲ. ಹುಳು ಸೊಪ್ಪು ಬಿಟ್ಟು, ತಲೆ ಎತ್ತಿ ಸುಮ್ಮನೆ ಕೂತು, ಪೊರೆ ಕಳಚುವ ದಿನವನ್ನು ಇಲ್ಲಿ ಹಾಗೆ ಕರೆಯುತ್ತಾರೆ. ನಾಲ್ಕು ಜ್ವರ ದಾಟಿದ ಮೇಲೆ ಅದು ಏಳೆಂಟು ದಿನ ಹಗಲು ರಾತ್ರಿ ಮೇಯುತ್ತದೆ, ಆಮೇಲೆ ಹಣ್ಣಾಗುತ್ತದೆ. ಹಣ್ಣಾದ ಹುಳುವನ್ನು ಕೆಲವೇ ಗಂಟೆಗಳಲ್ಲಿ ಆಯ್ದು, ಗೂಡು ಕಟ್ಟಲೆಂದು ಬಿದಿರಿನ ಚಂದ್ರಿಕೆಯ ಮೇಲೆ ಬಿಡಬೇಕು. ತಡವಾದರೆ ಅದು ಸೊಪ್ಪಿನ ಕಸದಲ್ಲೇ ನೂಲು ಬಿಡಲು ಶುರುಮಾಡುತ್ತದೆ, ತಿಂಗಳ ದುಡಿಮೆ ತಿಪ್ಪೆ ಸೇರುತ್ತದೆ. ಶಿಡ್ಲಘಟ್ಟದ ಸುತ್ತಮುತ್ತ ಇದು ಗೊತ್ತಿಲ್ಲದ ಮಗುವಿಲ್ಲ. ನನಗೂ ಗೊತ್ತಿತ್ತು. ಗೊತ್ತಿದ್ದೂ ಎಡವಿದೆನಲ್ಲ ಅನ್ನುವುದೇ ನನ್ನ ಸಂಕಟ.

ನಾನು ಅಲ್ಲಿಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಮುಖ್ಯ ಶಿಕ್ಷಕಿ. ಆ ವರ್ಷ ಏಳನೇ ತರಗತಿಯಲ್ಲಿ ಹತ್ತೊಂಬತ್ತು ಮಕ್ಕಳಿದ್ದರು. ಕಾವೇರಿಯ ಒಂದು ನಡುಗಡ್ಡೆಯಲ್ಲಿ ಮಕ್ಕಳ ಶಿಬಿರ ನಡೆಸುವ ಸಂಸ್ಥೆಯೊಂದಿದೆ. ಅವರು ಬಯಲುಸೀಮೆಯ ಒಂದೊಂದು ಹಳ್ಳಿ ಶಾಲೆಯನ್ನು ಆರಿಸಿ, ಒಂದು ಇಡೀ ತರಗತಿಯನ್ನು ಎರಡು ದಿನ ಒಂದು ರಾತ್ರಿ ಅಲ್ಲಿ ಇರಿಸಿಕೊಳ್ಳುತ್ತಾರೆ. ಯಾವ ಶಾಲೆ ಎಂದು ತೀರ್ಮಾನವಾಗುವುದು ಮಕ್ಕಳು ಬರೆದ ಪತ್ರದಿಂದ. ನನ್ನ ಮಕ್ಕಳಲ್ಲಿ ಹದಿನೆಂಟು ಜನ ‘ಪರಿಸರದ ಬಗ್ಗೆ ಅರಿವು ಮೂಡಿಸಿಕೊಳ್ಳಲು’ ಎಂದು ಗೈಡಿನಿಂದ ಇಳಿಸಿದ್ದರು. ಒಬ್ಬಳು ಮಾತ್ರ ಹೀಗೆ ಬರೆದಿದ್ದಳು:

‘ನಮ್ಮೂರ ಕೆರೆ ತುಂಬಿದ್ದನ್ನು ನಾನು ಒಂದು ಸಲ ನೋಡಿದ್ದೇನೆ. ಆಗ ಏರಿಯ ಒಂದು ಕಡೆ ಮಾತ್ರ ನೀರು ಇತ್ತು. ನಾಲ್ಕೂ ಕಡೆ ನೀರಿದ್ದರೆ ರಾತ್ರಿ ಸದ್ದು ಬರುತ್ತದಾ? ಆ ಸದ್ದಿಗೆ ನಿದ್ದೆ ಬರುತ್ತದಾ? ನಮ್ಮ ಮನೆಯಲ್ಲಿ ರಾತ್ರಿ ಹುಳು ಸೊಪ್ಪು ತಿನ್ನುವ ಸದ್ದು ಮಳೆ ಬಂದ ಹಾಗೆ ಇರುತ್ತದೆ. ಅದಕ್ಕೆ ನನಗೆ ನಿದ್ದೆ ಬರುತ್ತದೆ.’

ಈ ಪತ್ರಕ್ಕೇ ನಮ್ಮನ್ನು ಕರೆದರು. ಶಿಬಿರದ ಸಂಯೋಜಕಿ ಫೋನಿನಲ್ಲಿ, “ಆ ಹುಡುಗೀನ ನೋಡೋಕೆ ಕಾಯ್ತಿದೀವಿ ಮೇಡಂ” ಅಂದರು. ಬಡಕಲು ಮೈಯ, ಕಡಿಮೆ ಮಾತಿನ ಹುಡುಗಿ. ಎರಡನೇ ಸಾಲಿನ ಕೊನೆಯಲ್ಲಿ ಕೂರುತ್ತಿದ್ದಳು. ತರಗತಿಯ ಹುಡುಗರು ಅವಳನ್ನು ಒಂದು ವಾರ ‘ನಿದ್ದೆಯಮ್ಮ’ ಎಂದು ರೇಗಿಸಿದರು. ಅವಳು ನಕ್ಕಳು.

ಮಕ್ಕಳನ್ನು ಒಂದು ರಾತ್ರಿ ಹೊರಗೆ ಉಳಿಸುವುದೆಂದರೆ ಹುಡುಗಾಟವಲ್ಲ. ಮೇಲಿನ ಕಚೇರಿಯ ಅನುಮತಿ ಬೇಕು, ಅದರಲ್ಲಿ ಹೊರಡುವ ದಿನ, ಬರುವ ದಿನ, ಹೋಗುವ ದಾರಿ ಎಲ್ಲ ನಮೂದಾಗಿರಬೇಕು. ಪ್ರತಿ ಮಗುವಿನ ಪೋಷಕರಿಂದ ಒಪ್ಪಿಗೆ ಪತ್ರ, ಅದಕ್ಕೆ ಸಹಿ ಇಲ್ಲವೇ ಹೆಬ್ಬೆಟ್ಟು. ಸರ್ಕಾರಿ ಬಸ್ಸನ್ನು ಒಪ್ಪಂದದ ಮೇಲೆ ಗೊತ್ತು ಮಾಡಿದರೆ ಅದು ಇಂತಿಷ್ಟು ಗಂಟೆಗೆ ಡಿಪೋಗೆ ವಾಪಸ್ ಬರಬೇಕು. ಹೆಣ್ಣುಮಕ್ಕಳಿಗೆ ನಾನು, ಗಂಡುಮಕ್ಕಳಿಗೆ ಚಿಂತಾಮಣಿಯಿಂದ ಓಡಾಡುವ ನಮ್ಮ ಸಹಶಿಕ್ಷಕರು, ಜೊತೆಗೆ ಅಡುಗೆಯ ಅಮ್ಮ. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು ಎಲ್ಲರನ್ನೂ ಪರೀಕ್ಷಿಸಿ ಒಂದು ಡಬ್ಬಿ ಔಷಧಿ ಕೊಟ್ಟರು. ಅದರಲ್ಲಿದ್ದ ವಾಂತಿ ಮಾತ್ರೆ ತೋರಿಸಿ, “ಬಸ್ ಹತ್ತೋಕೆ ಮುಂಚೆ ಅರ್ಧ ಕೊಡಿ. ಅದರಲ್ಲೂ ನಿಲ್ಲದಿದ್ರೆ ಒಂದಾರು ಗಂಟೆ ಬಿಟ್ಟು ಇನ್ನರ್ಧ. ತೂಕಡಿಕೆ ಬರುತ್ತೆ, ಗಾಬರಿ ಬೀಳಬೇಡಿ” ಅಂದರು. ನಾನು ಡಬ್ಬಿಯ ಮುಚ್ಚಳದ ಮೇಲೆ ಅದನ್ನು ಬರೆದು ಅಂಟಿಸಿಕೊಂಡೆ.

ಇನ್ನು ದಿನ ಗೊತ್ತು ಮಾಡುವುದು. ಇಲ್ಲೇ ನನ್ನ ಜಾಣತನ ತೋರಿಸಿದೆ. ನಮ್ಮೂರಿಗೆ ಹುಳು ಬರುವುದು ಒಂದೇ ಚಾಕಿ ಕೇಂದ್ರದಿಂದ. ಅಲ್ಲಿ ಮರಿಹುಳುಗಳನ್ನು ಎರಡನೇ ಜ್ವರದವರೆಗೆ ಸಾಕಿ ಮನೆಮನೆಗೆ ಕೊಡುತ್ತಾರೆ. ನಾನೇ ಅಲ್ಲಿಗೆ ಹೋಗಿ, ನಮ್ಮೂರಿಗೆ ಯಾವ ದಿನ ಕೊಡುತ್ತೀರಿ ಎಂದು ಕೇಳಿ, ಬೆರಳು ಮಡಚಿ ಲೆಕ್ಕ ಹಾಕಿದೆ. ಭಾನುವಾರದೊಳಗೆ ಊರಿನ ಹುಳುವೆಲ್ಲ ಚಂದ್ರಿಕೆ ಏರಿರುತ್ತದೆ. ಗುರುವಾರ ಹೊರಟರೆ ನಡುವೆ ಮೂರು ದಿನ ಬಿಡುವು. “ನೋಡಿ ಸಾರ್, ಇಲಾಖೆಯವರು ರಜೆ ನೋಡ್ತಾರೆ, ನಾನು ಹುಳು ನೋಡಿದೀನಿ” ಎಂದು ಸಹಶಿಕ್ಷಕರ ಮುಂದೆ ಬೀಗಿದೆ. ಅವರು, “ನಮ್ ಕಡೆ ಟೊಮೆಟೊ ನೋಡ್ತೀವಿ ಮೇಡಂ” ಎಂದು ನಕ್ಕರು.

ಆ ವಾರ ಚಳಿ ಬಿತ್ತು. ನಂದಿ ಬೆಟ್ಟದ ಕಡೆಯಿಂದ ಇಳಿದ ಮಂಜು ಹತ್ತು ಗಂಟೆಯಾದರೂ ಕರಗುತ್ತಿರಲಿಲ್ಲ. ಚಳಿಗೆ ಹುಳು ಮಂಕಾಗುತ್ತವೆ, ಮೇವು ತಗ್ಗುತ್ತದೆ, ಹಣ್ಣಾಗುವುದು ಮುಂದೆ ಹೋಗುತ್ತದೆ. ಹುಳುಮನೆಗಳಲ್ಲಿ ಇದ್ದಿಲ ಒಲೆ ಇಟ್ಟರು, ಕಿಟಕಿಗೆ ಗೋಣಿ ಕಟ್ಟಿದರು. ಭಾನುವಾರ ಬಂತು, ಒಂದು ಹುಳುವೂ ಹಣ್ಣಿನ ಬಣ್ಣಕ್ಕೆ ತಿರುಗಲಿಲ್ಲ. ಮಂಗಳವಾರ ಆ ಹುಡುಗಿಯ ಮನೆ ಮುಂದೆ ಹಾದುಹೋಗುವಾಗ ಅವಳ ಅಪ್ಪನನ್ನು ಕೇಳಿದೆ. ಆತ ಕೈಯಲ್ಲಿದ್ದ ಸೊಪ್ಪಿನ ಕಟ್ಟು ಇಳಿಸದೆ, “ಇನ್ನೂ ಎರಡ್ ದಿನ ಆಗ್ತದೆ ಮೇಡಮ್ಮೋರೇ. ಚಳಿ ನೋಡಿ, ಹೆಂಗೈತೆ” ಅಂದ.

ಶಾಲೆಗೆ ಬಂದು ಶಿಬಿರಕ್ಕೆ ಫೋನ್ ಮಾಡಿದೆ. ಶನಿವಾರ ಬೇರೆ ಶಾಲೆ ಬರುತ್ತಿದೆ, ಆಮೇಲೆ ಆ ವರ್ಷ ಜಾಗವಿಲ್ಲ ಎಂದರು. ದಿನ ಬದಲಿಸಲು ಹೊಸ ಅನುಮತಿ ಬೇಕು, ಅದು ವಾರಗಟ್ಟಲೆ ಎಂದು ಕಚೇರಿಯ ಗುಮಾಸ್ತರು ಹೇಳಿದರು. ಬಸ್ಸಿನ ದಿನಾಂಕವೂ ಕಲ್ಲಿನ ಮೇಲೆ ಕೆತ್ತಿದಂತಾಗಿತ್ತು. ಹುಳು ನೋಡಿ ದಿನ ಇಟ್ಟವಳಿಗೆ ಚಳಿ ನೋಡುವ ಬುದ್ಧಿ ಇರಲಿಲ್ಲ. ಗುರುವಾರದ ಬದಲು ಶುಕ್ರವಾರ ಹಣ್ಣಾಗಲಿ ದೇವರೇ ಎಂದು ಬೇಡಿಕೊಂಡೆ. ಹುಳುವಿಗೆ ನನ್ನ ಪ್ರಾರ್ಥನೆ ಯಾವ ಲೆಕ್ಕ?

ಗುರುವಾರ ಐದೂವರೆಗೆ ಬಸ್ಸು ಶಾಲೆಯ ಮುಂದೆ ನಿಂತಿತ್ತು. ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷರು ಚಕ್ರದಡಿ ನಿಂಬೆಹಣ್ಣಿಟ್ಟು, ಕಾಯಿ ಒಡೆಯಲು ಕರ್ಪೂರ ಹಿಡಿದು ನಿಂತಿದ್ದರು. ಮಕ್ಕಳು ಮುಖಕ್ಕೆ ದಪ್ಪಗೆ ಪೌಡರ್ ಬಳಿದು, ಜಡೆಗೆ ಕನಕಾಂಬರ ಮುಡಿದು, ಹಬ್ಬಕ್ಕೆ ಹೊರಟಂತೆ ಬಂದಿದ್ದರು. ಎಣಿಸಿದೆ. ಹದಿನಾರು. ಮೂವರು ಬಂದಿರಲಿಲ್ಲ. ಇಬ್ಬರ ಮನೆಗೆ ನಾನೇ ಓಡಿದೆ. ಅಲ್ಲಿ ಕೈಗಳು ಹೆಚ್ಚಿದ್ದವು, ಅಜ್ಜ ಅಜ್ಜಿಯರೇ “ಕರ್ಕೊಂಡೋಗಿ ಮೇಡಂ, ನಾವ್ ನೋಡ್ಕೊಂತೀವಿ” ಎಂದು ಕಳಿಸಿಕೊಟ್ಟರು. ಉಳಿದವಳು ಪತ್ರ ಬರೆದ ಹುಡುಗಿ.

ಅವರ ಹುಳುಮನೆಯ ಬಾಗಿಲಲ್ಲಿ ಸುಣ್ಣದ ಪುಡಿ ಹರಡಿತ್ತು. ಒಳಗೆ ಹುಳು ಮೇಯುವ ಬಿದಿರಿನ ತಡಿಕೆಗಳ ಮೇಲೆ ಸಾಲಾಗಿ ಬಲ್ಬು ಉರಿಯುತ್ತಿತ್ತು. ಹಳದಿಗೆ ತಿರುಗಿದ ಹುಳುಗಳು ಸೊಪ್ಪಿನ ಮೇಲೆ ತಲೆ ಎತ್ತಿ ಅತ್ತಿತ್ತ ಆಡಿಸುತ್ತಿದ್ದವು. ಅಪ್ಪ ಒಂದು ಕಡೆ, ಮಗಳು ಒಂದು ಕಡೆ ಬಗ್ಗಿ ಆಯುತ್ತಿದ್ದರು. ಹುಡುಗಿ ಹಳೇ ಫ್ರಾಕಿನ ಒಳಗೆ ಆಗಲೇ ಸಮವಸ್ತ್ರ ಹಾಕಿಕೊಂಡಿದ್ದಳು, ಕಾಲರು ಕಾಣುತ್ತಿತ್ತು. ಹೊರಗಿನ ಜಗಲಿಯ ಮೇಲೆ ಅವಳ ಚೀಲ ಜಿಪ್ಪು ಎಳೆದು ಸಿದ್ಧವಾಗಿತ್ತು.

“ಏಂ ಚೇಸೇದಿ ಮೇಡಮ್ಮೋರೇ,” ಅಂದ ಅಪ್ಪ. ಮನೆಮಾತು ತೆಲುಗು, ದಿಕ್ಕು ತೋಚದಾಗ ಅದೇ ಬಾಯಿಗೆ ಬರುತ್ತಿತ್ತು. “ಏನ್ ಮಾಡೋದು ಹೇಳಿ. ಬೆಳಗಿನ್ ಜಾವ ನಾಲ್ಕು ಗಂಟೇಲಿ ಎಲ್ಲಾ ಒಂದೇ ಸಲ ತಿರುಗ್ಬಿಟ್ವು. ಊರಿಗೂರೇ ಇವತ್ತು ಹಣ್ಣು, ಕೂಲಿಗೆ ಒಂದಾಳು ಸಿಕ್ತಿಲ್ಲ. ಇವಳಮ್ಮ ಬಾಣಂತಿ, ಇಪ್ಪತ್ ದಿನದ ಕೂಸು. ಹುಳದ ಮನೇಗೆ ಕಾಲಿಡಂಗಿಲ್ಲ.”

ನಮ್ಮಲ್ಲಿ ಅದೊಂದು ಕಟ್ಟುಪಾಡು. ಬಾಣಂತಿಯೂ ಮುಟ್ಟಾದವರೂ ಹುಳುಮನೆ ಹೊಕ್ಕರೆ ಬೆಳೆ ಕೆಡುತ್ತದೆ ಎಂಬ ಭಯ. ನಂಬದವರೂ ಮುರಿಯಲು ಹೆದರುತ್ತಾರೆ. ಒಳಕೋಣೆಯ ಬಾಗಿಲಲ್ಲಿ ಅವಳ ಅಮ್ಮ ಕೂಸನ್ನು ಹೆಗಲಿಗೆ ಹಾಕಿಕೊಂಡು ನಿಂತು ನೋಡುತ್ತಿದ್ದಳು. ಅಜ್ಜಿಗೆ ಕಣ್ಣು ಕಾಣುವುದಿಲ್ಲ, ಹಣ್ಣು ಹುಳು ಹಸಿ ಹುಳು ಗೊತ್ತಾಗುವುದಿಲ್ಲ.

ಹುಡುಗಿ ತಲೆ ಎತ್ತಲಿಲ್ಲ. “ನೀವ್ ಹೋಗ್ಬನ್ನಿ ಮಿಸ್,” ಅಂದಳು. ಕೈ ಮಾತ್ರ ನಿಲ್ಲಿಸಲಿಲ್ಲ.

ಅವಳನ್ನು ಬಿಟ್ಟು ಹೊರಟಿದ್ದರೆ ಯಾವ ನಿಯಮವೂ ಅಡ್ಡ ಬರುತ್ತಿರಲಿಲ್ಲ. ‘ಒಬ್ಬ ವಿದ್ಯಾರ್ಥಿನಿ ಗೈರು’ ಎಂದು ಬರೆದರೆ ಮುಗಿಯಿತು. ಸಹಶಿಕ್ಷಕರು ಅದನ್ನೇ ಹೇಳಿದರು. “ಮೇಡಂ, ಹದಿನೆಂಟು ಮಕ್ಕಳು ಬಸ್ಸಲ್ಲಿ ಕಾಯ್ತಾವ್ರೆ. ಒಂದು ಮಗೀಗೋಸ್ಕರ ಎಲ್ಲರ ಮಧ್ಯಾಹ್ನ ಹಾಳಾಗ್ತದೆ. ಹೊರಡಣ.” ಅವರು ಹೇಳಿದ್ದು ತಪ್ಪಲ್ಲ, ಈಗಲೂ ತಪ್ಪು ಅನ್ನುವುದಿಲ್ಲ. ಆದರೆ ಆ ಹದಿನೆಂಟು ಮಕ್ಕಳು ಹೋಗುತ್ತಿದ್ದುದು ಇವಳ ಪತ್ರದ ಮೇಲೆ. ಏಳನೇ ತರಗತಿ ಮುಗಿದರೆ ಅವಳನ್ನು ಪಟ್ಟಣದ ಹೈಸ್ಕೂಲಿಗೆ ಕಳಿಸುತ್ತಾರೋ ಇಲ್ಲವೋ ಯಾರಿಗೆ ಗೊತ್ತು. ನದಿಯಂತೂ ಇವರ ಬಾಗಿಲಿಗೆ ಬರುವುದಿಲ್ಲ.

“ಎಲ್ಲರ್ನೂ ಇಳಿಸಿ ಸಾರ್,” ಅಂದೆ. “ಎಲ್ಲಾ ಸೇರಿ ಆಯ್ದರೆ ಎರಡು ಗಂಟೆ ಕೆಲಸ.”

ಹುಳುಮನೆಯಲ್ಲಿ ಪರಿಮಳ ಕೂಡದು. ಅಪ್ಪ ಬಾಗಿಲಲ್ಲೇ ತಡೆದ. ಮಕ್ಕಳು ಸಾಲಾಗಿ ನಿಂತು ಪೌಡರ್ ತೊಳೆದುಕೊಂಡರು, ಕನಕಾಂಬರ ತೆಗೆದು ಜಗಲಿಯ ಮೇಲಿಟ್ಟರು, ಬ್ಲೀಚಿಂಗ್ ಪುಡಿ ಕಲಸಿದ ನೀರಲ್ಲಿ ಕೈ ಅದ್ದಿದರು. ಒಬ್ಬ ಹುಡುಗಿ ಬಂದು ನನ್ನ ಕಿವಿಯಲ್ಲಿ ಏನೋ ಹೇಳಿದಳು. ಅವಳನ್ನು ಬಸ್ಸಿನಲ್ಲಿ ಚೀಲ ಕಾಯಲು ಕೂರಿಸಿದೆ. ರೇಷ್ಮೆ ಮನೆಯ ಮಕ್ಕಳು ತಾವಾಗಿಯೇ ಕೈ ಹಚ್ಚಿದರು. ಉಳಿದವರಿಗೆ ಆ ಮನೆಯ ಹುಡುಗಿಯೇ ಹೇಳಿಕೊಟ್ಟಳು. ಮೈಯಲ್ಲಿ ಹಸಿರು ಇದ್ದರೆ ಬಿಡಬೇಕು, ಬೆಳಕಿಗೆ ಹಿಡಿದರೆ ದ್ರಾಕ್ಷಿ ಹಣ್ಣಿನಂತೆ ಕಾಣುವುದನ್ನು ಮಾತ್ರ ತೆಗೆಯಬೇಕು, ಹಿಸುಕಬಾರದು. ತರಗತಿಯಲ್ಲಿ ಅಷ್ಟು ಉದ್ದ ಮಾತಾಡಿದವಳಲ್ಲ. ನಾನೂ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಗ್ಗಿದೆ, ತವರಿನಲ್ಲಿ ಆಯ್ದ ಕೈ ಮರೆತಿರಲಿಲ್ಲ.

ಎರಡು ಗಂಟೆ ಅಂದುಕೊಂಡದ್ದು ನಾಲ್ಕರ ಹತ್ತಿರ ಬಂತು. ಒಂದು ತಡಿಕೆ ಆಯ್ದು ಮುಗಿಸುವಷ್ಟರಲ್ಲಿ ಹಿಂದಿನದರಲ್ಲಿ ಮತ್ತಷ್ಟು ತಿರುಗಿರುತ್ತಿದ್ದವು. ಅಧ್ಯಕ್ಷರು ಬಾಗಿಲ ಹೊರಗೆ ನಿಂತು ಫೋನಿನಲ್ಲಿ ಫೋಟೋ ತೆಗೆದರು. “ಪಾಠಾನೂ ಮಾಡ್ತಾರೆ, ಹುಳಾನೂ ಆಯ್ತಾರೆ, ನಮ್ಮ ಮೇಡಂ ಅಂದ್ರೆ ಸುಮ್ನೇನಾ” ಎಂದು ಊರಿನ ವಾಟ್ಸಾಪ್ ಗುಂಪಿಗೆ ಹಾಕಿದರು. ನನಗೂ ತೋರಿಸಿದರು. ಹೆಮ್ಮೆಯಾಯಿತು, ಸುಳ್ಳೇಕೆ ಹೇಳಲಿ.

ಒಂಬತ್ತೂವರೆಗೆ ಅಪ್ಪ, “ಸಾಕು, ಮಿಕ್ಕಿದ್ದು ನಾನೇ ನೋಡ್ಕೊಂತೀನಿ. ಹೋಗಮ್ಮ” ಅಂದ. ಹುಡುಗಿ ಹಳೇ ಫ್ರಾಕು ಕಳಚಿ ಎಸೆದು, ಕಾಲಿಗೆ ಚಪ್ಪಲಿಯನ್ನೂ ಸರಿಯಾಗಿ ಸಿಕ್ಕಿಸದೆ ಬಸ್ಸಿಗೆ ಓಡಿದಳು. ಎಲ್ಲರಿಗೂ ಅರ್ಧರ್ಧ ವಾಂತಿ ಮಾತ್ರೆ ಕೊಟ್ಟು ಹೊರಟೆವು.

ಚಿಕ್ಕಬಳ್ಳಾಪುರ ದಾಟುವಾಗ ಶಿಬಿರಕ್ಕೆ ತಿಳಿಸಿದೆ. ಮಧ್ಯಾಹ್ನ ನಡುಗಡ್ಡೆಯ ಸುತ್ತ ನಡೆಸಿ ತೋರಿಸುವ ಕಾರ್ಯಕ್ರಮ ಕೈಬಿಟ್ಟಂತೆಯೇ ಎಂದರು. ಐದೂವರೆಯ ಮೇಲೆ ಹರಿಗೋಲು ಹಾಕುವುದಿಲ್ಲ, ಅಷ್ಟರೊಳಗೆ ಬನ್ನಿ, ಸಂಜೆ ಹಕ್ಕಿ ಬರುವುದನ್ನು ನೋಡಬಹುದು ಎಂದರು. ಮಾರನೇ ಬೆಳಿಗ್ಗೆ ಒಂಬತ್ತಕ್ಕೆ ನಾವು ಹೊರಡಲೇಬೇಕಿತ್ತು, ಬಸ್ಸು ಡಿಪೋ ಸೇರಬೇಕು. ಇರುವುದು ಒಂದು ಸಂಜೆ, ಒಂದು ಬೆಳಗು. ಅಷ್ಟಾದರೂ ಸಿಕ್ಕಿತಲ್ಲ ಎಂದುಕೊಂಡೆ.

ಹುಡುಗಿ ನನ್ನ ಪಕ್ಕದ ಕಿಟಕಿಯಲ್ಲಿ ಕೂತಿದ್ದಳು. ಕಣ್ಣು ಕೆಂಡವಾಗಿತ್ತು. ಎಷ್ಟು ಹೊತ್ತಿಗೆ ಎದ್ದೆ ಎಂದು ಕೇಳಿದೆ. “ಮಲಗಿಲ್ಲ ಮಿಸ್. ಮೂರ್ ದಿನದಿಂದ ರಾತ್ರಿ ಸೊಪ್ಪು ಹಾಕೋದು ನಾನೇ. ಅಮ್ಮ ಬರಂಗಿಲ್ವಲ್ಲ.”

“ಹಂಗಾದ್ರೆ ಈಗ ಮಲಗಮ್ಮ. ಇನ್ನೂ ಐದಾರು ಗಂಟೆ ದಾರಿ ಐತೆ.”

“ಇಲ್ಲ ಮಿಸ್, ದಾರಿ ನೋಡ್ತೀನಿ.”

ನೋಡಲು ಹೊಟ್ಟೆ ಬಿಡಲಿಲ್ಲ. ಬೆಂಗಳೂರು ದಾಟುವಷ್ಟರಲ್ಲಿ ಮೂರು ಸಲ ವಾಂತಿಯಾಯಿತು. ನಿಂಬೆಹಣ್ಣು ಮೂಸಿಸಿದೆ, ಹುಣಸೆಹಣ್ಣು ಚೀಪಿಸಿದೆ. ಮಂಡ್ಯದ ಹತ್ತಿರ ಮತ್ತೆ ಆಯಿತು. ಹೊಳೆ ದಂಡೆಗೆ ಹೋಗಿ ಇಳಿಯುವಾಗಲಾದರೂ ಮಗು ಲವಲವಿಕೆಯಿಂದ ಇರಲಿ ಅನ್ನಿಸಿತು. ಡಬ್ಬಿಯ ಮುಚ್ಚಳ ಓದಿದೆ, ಗಡಿಯಾರ ನೋಡಿದೆ, ಮೊದಲ ಅರ್ಧ ಕೊಟ್ಟು ಆರು ಗಂಟೆ ಕಳೆದಿತ್ತು. ಇನ್ನರ್ಧ ಮಾತ್ರೆ ಕೊಟ್ಟೆ. ಬರೆದದ್ದನ್ನೆಲ್ಲ ಸರಿಯಾಗಿ ಪಾಲಿಸಿದೆ. ಮೂರು ರಾತ್ರಿಯ ನಿದ್ದೆ ಅವಳ ಮೈಯಲ್ಲಿ ಬಾಕಿ ಇದೆ ಎಂಬುದು ಮುಚ್ಚಳದ ಮೇಲೆ ಬರೆದಿರಲಿಲ್ಲ.

ನಾಲ್ಕೂವರೆಗೆ ಹೊಳೆ ಸಿಕ್ಕಿತು. ಮಕ್ಕಳು ಬಸ್ಸಿನಿಂದ ಇಳಿದವರೇ ಹೊಳೆಯ ಕಡೆ ತಿರುಗಿ ನಿಂತುಬಿಟ್ಟರು. ಅಷ್ಟು ನೀರು ಹರಿದುಹೋಗುವುದನ್ನು ಅವರು ನೋಡಿರಲಿಲ್ಲ. ಒಬ್ಬ ಹುಡುಗ, “ಮಿಸ್, ಇಷ್ಟೂ ಯಾರೂ ಕಟ್ಟಾಕಲ್ವಾ?” ಎಂದು ಕೇಳಿದ. ದೊಡ್ಡ ಬುಟ್ಟಿಯಂಥ ಹರಿಗೋಲಿನಲ್ಲಿ ಒಂದು ಸಲಕ್ಕೆ ಏಳು ಮಕ್ಕಳು, ಎಲ್ಲರಿಗೂ ಕಿತ್ತಳೆ ಬಣ್ಣದ ಜಾಕೆಟ್ಟು. ಎಣಿಸಿ ಹತ್ತಿಸಬೇಕು, ಆಚೆ ದಡದಲ್ಲಿ ಎಣಿಸಿ ಇಳಿಸಬೇಕು. ಮೊದಲೆರಡು ಸರದಿಯಲ್ಲಿ ಸಹಶಿಕ್ಷಕರೂ ಅಡುಗೆಯಮ್ಮನೂ ಹೋದರು. ಕೊನೆಯದರಲ್ಲಿ ನಾನೂ ಉಳಿದ ಐದು ಮಕ್ಕಳೂ.

ಹುಡುಗಿ ನನ್ನ ಕೈ ಹಿಡಿದೇ ಹತ್ತಿದಳು. ಕೂತಳು. ದಡ ಬಿಟ್ಟು ಹತ್ತು ಮಾರು ಹೋಗಿರಲಿಲ್ಲ, ಅವಳ ತಲೆ ನನ್ನ ಭುಜಕ್ಕೆ ಬಿತ್ತು. “ನೋಡೇ ಅಮ್ಮ, ನೀರು ನೋಡು” ಅಂದೆ. ಹೂಂ ಅಂದಳು, ಕಣ್ಣು ಬಿಡಲಿಲ್ಲ.

ಹುಟ್ಟು ಹಾಕುತ್ತಿದ್ದ ಅಂಬಿಗ, “ಏನವ್ವ, ಮಗಾ ಮನಗ್ಬುಡ್ತಲ್ಲ,” ಅಂದ. “ನನ್ ತೆಪ್ಪದಲ್ಲಿ ಹೆದ್ರುಕೊಂಡು ಕಿರ್ಚೋರ್ನ ನೋಡಿವ್ನಿ, ನಿದ್ದೆ ಮಾಡೋರ್ನ ಇವತ್ತೇ ನೋಡಿದ್ದು.” ಆಚೆ ದಡದಲ್ಲಿ ಅವನೇ ಅವಳನ್ನು ಎತ್ತಿಕೊಂಡು ಹೋಗಿ ಹೆಣ್ಣುಮಕ್ಕಳ ಚಪ್ಪರದೊಳಗೆ ಚಾಪೆಯ ಮೇಲೆ ಮಲಗಿಸಿದ.

ಡಾಕ್ಟರಿಗೆ ಫೋನ್ ಮಾಡಿದೆ. ನಡೆದದ್ದೆಲ್ಲ ಕೇಳಿ, “ಉಸಿರು ಸರಿಯಾಗಿದೆಯಾ? ಒಂದು ಸಲ ಅಲ್ಲಾಡಿಸಿ ಮಾತಾಡಿಸಿ. ಉತ್ತರ ಕೊಟ್ರೆ ತೊಂದರೆ ಇಲ್ಲ, ಮಲಗಲಿ ಬಿಡಿ. ಆಗಾಗ ನೋಡ್ಕೊಳ್ತಿರಿ” ಅಂದರು. ಭುಜ ಹಿಡಿದು ಅಲ್ಲಾಡಿಸಿ ಹೆಸರು ಕರೆದೆ. ಅವಳು ಕಣ್ಣು ಮುಚ್ಚಿಕೊಂಡೇ, “ಸೊಪ್ಪು ಹಾಕಿ ಆಯ್ತಪ್ಪಾ” ಅಂದಳು.

ಆ ಸಂಜೆ ಉಳಿದ ಮಕ್ಕಳು ನೋಡಿದ್ದು ಎಂಥ ಸಂಜೆ. ಹಕ್ಕಿಗಳು ಹಿಂಡುಹಿಂಡಾಗಿ ಬಂದು ಮರಗಳ ಮೇಲೆ ಇಳಿದವಂತೆ, ಕೊಂಬೆಗಾಗಿ ಜಗಳವಾಡಿದವಂತೆ, ಬಂಡೆಯ ಮೇಲಿದ್ದ ಮೊಸಳೆ ಇವರನ್ನು ಕಂಡು ನೀರಿಗೆ ಜಾರಿತಂತೆ. ಒಬ್ಬರ ಮೇಲೊಬ್ಬರು ಬಿದ್ದು ಓಡಿಬಂದು ನನಗೆ ವರದಿ ಒಪ್ಪಿಸಿದರು. ಚಾಪೆ ಕಾಯುತ್ತಿದ್ದ ನಾನೂ ನೋಡಲಿಲ್ಲ. ಬೆಳಿಗ್ಗೆ ಅವಳನ್ನು ಬಿಟ್ಟು ಹೊರಡಣ ಅಂದಿದ್ದ ಸಹಶಿಕ್ಷಕರೇ ಬಂದು ಪಕ್ಕದಲ್ಲಿ ಕೂತರು.

“ಮುಖಕ್ಕೆ ನೀರು ಚಿಮುಕಿಸಿ ಎಬ್ಬಿಸಣ ಮೇಡಂ. ಇನ್ನು ಕಾಲು ಗಂಟೆ ಬೆಳಕೈತೆ. ಇದಕ್ಕೇ ಅಲ್ವಾ ಅವಳು ಬಂದಿದ್ದು? ನಾನೇ ಎತ್ಕೊಂಡೋಗಿ ತೋರಿಸ್ತೀನಿ.”

ನಾನು ಬೇಡ ಅಂದೆ. ಮೂರು ರಾತ್ರಿ ಕಣ್ಣು ಮುಚ್ಚದ ಮಗುವನ್ನು ಎಬ್ಬಿಸಲು ನನ್ನ ಕೈ ಏಳಲಿಲ್ಲ. ಬೆಳಿಗ್ಗೆ ಇದೆಯಲ್ಲ, ಆರಕ್ಕೆ ಎಲ್ಲರ ಜೊತೆ ನಡುಗಡ್ಡೆ ಸುತ್ತಲಿ ಅಂದೆ. ಆ ದಿನ ಎರಡು ಸಲ ನನ್ನ ಮಾತೇ ನಡೆಯಿತು. ಅವಳನ್ನು ಅಲ್ಲಿಗೆ ತರಲು ಒಂದು ಮನೆಯ ಹುಳುವನ್ನೆಲ್ಲ ಆಯಿಸಿದವಳು, ಅಲ್ಲಿಂದ ನೀರಿನವರೆಗಿನ ಇಪ್ಪತ್ತು ಹೆಜ್ಜೆ ನಡೆಸಲಿಲ್ಲ. ಎಬ್ಬಿಸಬೇಕಾಗಿತ್ತು. ಇವತ್ತು ಹಾಗೇ ಅನ್ನಿಸುತ್ತದೆ, ನಾಳೆ ಏನನ್ನಿಸುತ್ತದೋ.

ಬೆಳಿಗ್ಗೆ ಆರಕ್ಕೆ ಕರೆದೆ, ಏಳಲಿಲ್ಲ. ಆರೂವರೆಗೆ ಕೂರಿಸಿದೆ, ಕೂತಲ್ಲೇ ವಾಲಿದಳು. ಉಳಿದವರು ಸುತ್ತಿ ಬಂದು, ಉಪ್ಪಿಟ್ಟು ತಿಂದು, ಚೀಲ ಕಟ್ಟುವಾಗ ತಾನಾಗಿಯೇ ಎದ್ದಳು. ಎಂಟೂವರೆ ದಾಟಿತ್ತು. ಸುತ್ತ ನೋಡಿ, “ಮಿಸ್, ನಾವ್ ಯಾವಾಗ ಹೊರಡೋದು?” ಎಂದಳು. ಇನ್ನೂ ಊರಲ್ಲೇ ಇದ್ದೀವಿ ಅಂದುಕೊಂಡಿದ್ದಳು.

ಗೊತ್ತಾದಾಗ ಅಳಲಿಲ್ಲ. ಎದ್ದು ದಡಕ್ಕೆ ಓಡಿದಳು. ಮೊದಲ ಹರಿಗೋಲು ಆಗಲೇ ಮಕ್ಕಳನ್ನು ತುಂಬಿಸಿಕೊಂಡು ಹೊರಟಿತ್ತು. ನಾನು ಅವಳನ್ನು ಕೊನೆಯ ಸರದಿಗೆ ಇಟ್ಟುಕೊಂಡೆ. ನನ್ನ ಕೈಲಿ ಆದದ್ದು ಅಷ್ಟೇ, ಇಪ್ಪತ್ತು ನಿಮಿಷ. ಅವಳು ಬಗ್ಗಿ ಎರಡೂ ಕೈ ನೀರಲ್ಲಿಟ್ಟು ಕೂತಳು.

“ರಾತ್ರಿ ಸದ್ದು ಬಂತಾ ಮಿಸ್?”

“ಬಂತಮ್ಮ.”

“ಹೆಂಗಿತ್ತು?”

ರಾತ್ರಿಯಿಡೀ ನಾನು ಕೇಳಿದ್ದು ಅವಳ ಉಸಿರು. ನದಿಗೆ ಕಿವಿ ಕೊಟ್ಟಿರಲಿಲ್ಲ. “ಹುಳು ಸೊಪ್ಪು ಮೇಯೋ ಹಂಗೇ ಇತ್ತು ಕಣೇ” ಎಂದೆ. ಅವಳು ತಲೆಯಾಡಿಸಿದಳು.

ಊರಿಗೆ ಬಂದ ಹತ್ತನೇ ದಿನಕ್ಕೆ ನೋಟಿಸು ಬಂತು. ಅಧ್ಯಕ್ಷರು ಹೆಮ್ಮೆಯಿಂದ ಹಾಕಿದ ಫೋಟೋ ಕೈಯಿಂದ ಕೈಗೆ ದಾಟಿ, ಯಾರೋ ಪುಣ್ಯಾತ್ಮರ ದಯೆಯಿಂದ ಮೇಲಿನ ಕಚೇರಿ ಸೇರಿತ್ತು. ಪ್ರವಾಸದ ಹೆಸರಿನಲ್ಲಿ ಮಕ್ಕಳನ್ನು ಖಾಸಗಿಯವರ ದುಡಿಮೆಗೆ ಹಚ್ಚಿದ್ದೇಕೆ ಎಂದು ಸಮಜಾಯಿಷಿ ಕೇಳಿದ್ದರು. ವಿಚಾರಣೆಗೆ ಬಂದ ಅಧಿಕಾರಿ ಮೊದಲು ಹುಡುಗಿಯ ಅಪ್ಪನನ್ನು ಕರೆಸಿದರು. ಆತ ಬಾಗಿಲ ಹತ್ತಿರವೇ ಕೈಕಟ್ಟಿ ನಿಂತು, “ನಾನ್ ಕರೀಲಿಲ್ಲ ಸಾರ್. ಅವ್ರೇ ಬಂದ್ರು” ಅಂದ. ಹೆದರಿದ್ದ, ಪಾಪ. ಹೇಳಿದ್ದೂ ನಿಜವೇ. ಅಧ್ಯಕ್ಷರು ಆ ದಿನ ಗೌರಿಬಿದನೂರಿನಲ್ಲಿ ನೆಂಟರ ಮನೆಯ ಕೆಲಸವಿದೆ ಎಂದು ಊರು ಬಿಟ್ಟಿದ್ದರು.

ಆಮೇಲೆ ಹುಡುಗಿಯನ್ನು ಕೇಳಿದರು, “ನಿನ್ನ ಕೈಲಿ ಹುಳ ಆಯಿಸಿದ್ದು ಯಾರಮ್ಮ?”

“ಮನೇಲಿ ಯಾವಾಗ್ಲೂ ಆಯ್ತೀನಿ ಸಾರ್,” ಅಂದಳು ಅವಳು. “ಅವತ್ತು ಒಂದ್ ದಿನ ಮ್ಯಾಡಮ್ಮೂ ಬಂದು ಆಯ್ದ್ರು.”

ಅದಕ್ಕಿಂತ ದೊಡ್ಡ ಸಾಕ್ಷಿ ನನ್ನ ಪರವಾಗಿ ಬೇರೆ ಬೇಕಿರಲಿಲ್ಲ. ಅಧಿಕಾರಿ ಅದನ್ನು ಹೀಗೆ ಬರೆದುಕೊಂಡರು: ‘ಮುಖ್ಯ ಶಿಕ್ಷಕಿ ಸ್ವತಃ ಪಾಲ್ಗೊಂಡಿರುವುದು ದೃಢಪಟ್ಟಿದೆ.’ ಮಗು ವರ್ಷಪೂರ್ತಿ ರಾತ್ರಿ ಎದ್ದು ಸೊಪ್ಪು ಹಾಕುವುದು ಯಾವ ಕಾಗದಕ್ಕೂ ಬೇಡ. ನಾಲ್ಕು ಗಂಟೆ ಅವಳ ಭಾರ ಇಳಿಸಿದ್ದು ಅಪರಾಧವಾಯಿತು. ಸಮಜಾಯಿಷಿ ಬರೆದೆ, ಒಪ್ಪಲಿಲ್ಲ. ಕೊನೆಗೆ ‘ತಪ್ಪಾಗಿದೆ, ಇನ್ನು ಮುಂದೆ ಮಕ್ಕಳನ್ನು ಹೊರಸಂಚಾರಕ್ಕೆ ಕರೆದೊಯ್ಯುವುದಿಲ್ಲ’ ಎಂದು ಮುಚ್ಚಳಿಕೆ ಬರೆಸಿಕೊಂಡು ಬಿಟ್ಟರು. ಸಹಿ ಹಾಕಿದೆ. ನಿವೃತ್ತಿಯವರೆಗೂ ಅದು ನನ್ನ ಕಡತದಲ್ಲಿ ಇರುತ್ತದೆ. ಈ ವರ್ಷದ ಏಳನೇ ತರಗತಿಯವರು ನದಿಯನ್ನು ಪುಸ್ತಕದಲ್ಲಿ ನೋಡುತ್ತಿದ್ದಾರೆ.

ಮುಚ್ಚಳಿಕೆ ಕೊಟ್ಟ ವಾರವೇ ಶಿಬಿರದವರಿಗೆ ಮಕ್ಕಳ ಅನುಭವದ ಬರಹ ಕಳಿಸಬೇಕಿತ್ತು. ಮೂರು ದಿನ ಊಟದ ಬಿಡುವಿನಲ್ಲಿ ಆ ಹುಡುಗಿ ಒಬ್ಬೊಬ್ಬರ ಪಕ್ಕವೂ ಕೂತು ಏನೋ ಕೇಳುತ್ತಿದ್ದುದನ್ನು ನೋಡಿದ್ದೆ. ಹಕ್ಕಿ ಯಾವ ಬಣ್ಣ, ಮೊಸಳೆ ಎಷ್ಟುದ್ದ, ನೀರಿಗೆ ಬಿದ್ದಾಗ ಶಬ್ದ ಆಯಿತಾ, ಸೂರ್ಯ ಯಾವ ಕಡೆ ಮುಳುಗಿದ. ನಾಲ್ಕನೇ ದಿನ ಎರಡು ಹಾಳೆ ತಂದು ನನ್ನ ಮೇಜಿನ ಮೇಲಿಟ್ಟಳು. ನೋಡಿದವರಲ್ಲಿ ಯಾರೂ ಅಷ್ಟು ಚೆನ್ನಾಗಿ ಬರೆದಿರಲಿಲ್ಲ. ಕೊನೆಯ ಸಾಲು ಹೀಗಿತ್ತು: ‘ರಾತ್ರಿ ನಾಲ್ಕೂ ಕಡೆಯಿಂದ ನೀರಿನ ಸದ್ದು ಬರುತ್ತಿತ್ತು. ಅದು ಹುಳು ಸೊಪ್ಪು ಮೇಯುವ ಸದ್ದಿನ ಹಾಗೇ ಇತ್ತು. ನನಗೆ ನಿದ್ದೆ ಬಂತು.’

ಹಾಳೆಯ ಕೆಳಗೆ, ವಿದ್ಯಾರ್ಥಿ ತಾನು ಕಂಡದ್ದನ್ನೇ ಬರೆದಿದ್ದಾನೆ/ಳೆ ಎಂದು ಮುಖ್ಯ ಶಿಕ್ಷಕರು ದೃಢೀಕರಿಸುವ ಜಾಗವಿತ್ತು. ಅವಳು ಮೇಜಿನ ಅಂಚು ಹಿಡಿದು ನಿಂತಿದ್ದಳು.

“ಓದಿದ್ರಾ ಮಿಸ್?”

“ಓದಿದೆ.”

“ಸರಿ ಐತಾ?”

“ಸರಿ ಐತಮ್ಮ” ಅಂದೆ. ಮುಚ್ಚಳಿಕೆಗೆ ಹಾಕಿದ ಪೆನ್ನಿನಲ್ಲೇ ಸಹಿ ಹಾಕಿದೆ. ಅವಳು ಅದನ್ನು ನೋಡಿ, ಹಾಳೆ ಮಡಚದೆ ಅಲ್ಲೇ ಬಿಟ್ಟು, ಚೀಲ ಹೆಗಲಿಗೇರಿಸಿದಳು. ಇವತ್ತು ಗಂಟೆ ಹೊಡೆಯೋಕೆ ಮುಂಚೆ ಹೋಗಲಾ ಮಿಸ್ ಎಂದು ಕೇಳಿದಳು. ಯಾಕಮ್ಮ ಎಂದೆ. ಮನೆಗೆ ಮುಂದಿನ ಬೆಳೆಯ ಚಾಕಿ ಹುಳು ಬಂದಿತ್ತು.